ಚಿತ್ರದರ್ಶನವೂ ಚಿತ್ರಗೋಪನವೂ: ವಿಲ್ಫ್ರೆಡ್ ಥೆಸಿಜರರ ಛಾಯಾಚಿತ್ರ ಸಂಪುಟಗಳು

ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ, ವನವಾಸವು ಮುಗಿದು ಪಟ್ಟಾಭಿಷೇಕವೂ ನೆರವೇರಿದ ಮೇಲೆ, ಸೀತಾರಾಮಲಕ್ಷ್ಮಣರು ತಮ್ಮ ಕಳೆದ ಬಾಳಿನ ಚಿತ್ರಗಳನ್ನು ನೋಡುತ್ತ ನಿಲ್ಲುವ ಸಂದರ್ಭವು ಕಾವ್ಯಾಭ್ಯಾಸಿಗಳೆಲ್ಲರಿಗೂ ಪರಿಚಿತವಾದುದು. ಅನುಭವಿಸುವಾಗ ದುಃಖವಾಗಿದ್ದುದು ನೆನೆಯುವಾಗ ಸುಖವಾಗುವುದೆಂಬ ತತ್ತ್ವವನ್ನು ಈ ಸಂದರ್ಭದಿಂದ ಎತ್ತಿ ತೋರಿಸುವುದು ವಾಡಿಕೆ. ಅದರೊಡನೆಯೇ ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವೂ ಅಲ್ಲಿ ಉಂಟು. ಊರ್ಮಿಳೆಯ ಚಿತ್ರವನ್ನು ಕುರಿತು ಇವಳಾರೆಂದು ಸೀತೆಯು ಕೇಳಲು, ಲಕ್ಷ್ಮಣನು ನಾಚಿ ನೋಟವನ್ನು ಬೇರೆಡೆಗೆ ಸೆಳೆಯುತ್ತಾನೆ. ಮುಂದೆ ಮಂಥರೆಯ ಚಿತ್ರವು ಬಂದೊಡನೆ ರಾಮನು ಉತ್ತರವೀಯದೆ ಮತ್ತೊಂದನ್ನು ತೋರಿಸುತ್ತಾನೆ. ಕೈಕೇಯಿಯ ವೃತ್ತಾಂತವನ್ನು ಅಣ್ಣನು ದಾಟಿಸಿಬಿಟ್ಟನೆಂದು ಲಕ್ಷ್ಮಣನು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತಾನೆ. ಚಿತ್ರಗಳನ್ನು ತೋರಿಸುವುದೆಂದರೆ ಕೆಲವು ಚಿತ್ರಗಳನ್ನು ದಾಟಿಸುವುದೂ ಹೌದೆಂಬುದನ್ನು ಕವಿಯು ಹೀಗೆ ಎರಡು ಕಡೆ ಸೂಚಿಸಿದ್ದಾನೆ.

ದೀರ್ಘಕಾಲ ದೇಶಸಂಚಾರ ಮಾಡಿದ ಛಾಯಾಚಿತ್ರಕಾರನೊಬ್ಬನು ತನ್ನ ಇಳಿವಯಸ್ಸಿನಲ್ಲಿ ಅದುವರೆಗೆ ಯಾರೂ ಕಾಣದ ಚಿತ್ರಗಳನ್ನು ಲೋಕದ ಮುಂದಿಟ್ಟಾಗ, ವಿಮರ್ಶೆಯು ಕೇಳಬೇಕಾದ ಪ್ರಶ್ನೆಯೂ ಇದೇ ಆಗಿದೆ. ಹಿಂದೆ ಇವು ಏಕೆ ಮರೆಯಲ್ಲಿದ್ದುವು? ಈಗಲೂ ಮರೆಯಲ್ಲಿ ಉಳಿದುವಾವುವು? ಇಪ್ಪತ್ತನೆಯ ಶತಮಾನದ ಪ್ರವಾಸಸಾಹಿತ್ಯದಲ್ಲಿ ಈ ಪ್ರಶ್ನೆಗೆ ವಿಲ್ಫ್ರೆಡ್ ಥೆಸಿಜರ್ ಮಹಾಶಯರ ಸಂಪುಟಗಳಷ್ಟು ತಕ್ಕ ನಿದರ್ಶನವು ಅಪೂರ್ವ.

ಥೆಸಿಜರರು 1910ರಲ್ಲಿ ಇಥಿಯೋಪಿಯದ ಆಡಿಸ್ ಅಬಾಬದಲ್ಲಿ ಜನಿಸಿದರು. ಅವರ ತಂದೆಯವರು ಅಲ್ಲಿ ಬ್ರಿಟಿಷ್ ಸರಕಾರದ ಪ್ರತಿನಿಧಿಗಳಾಗಿದ್ದರು. 1933-34ರಲ್ಲಿ ದನಾಕಿಲ್ ಸೀಮೆಯನ್ನು ಹಾಯ್ದು ಆವಾಷ್ ನದಿಯು ಕೊನೆಗಾಣುವ ಎಡೆಯನ್ನು ಅವರು ಕಂಡರು. ಆಮೇಲೆ ಸುಡಾನಿನಲ್ಲಿ ಅಧಿಕಾರಿಯಾಗಿದ್ದು, 1945ರಲ್ಲಿ ಮಿಡತೆಗಳ ಉತ್ಪತ್ತಿಸ್ಥಾನವನ್ನು ಶೋಧಿಸುವ ಕಾರ್ಯದ ಮೇಲೆ ದಕ್ಷಿಣ ಅರೇಬಿಯಕ್ಕೆ ಹೋದರು. ರುಬ್ ಅಲ್ ಖಾಲಿ ಎಂಬ ಮಹಾಮರುಭೂಮಿಯನ್ನು 1946-47ರಲ್ಲಿ ಒಮ್ಮೆ, 1947-48ರಲ್ಲಿ ಮತ್ತೊಮ್ಮೆ, ಬೆದುಯಿನ್ ಒಡನಾಡಿಗಳೊಂದಿಗೆ ಒಂಟೆಗಳ ಮೇಲೆ ದಾಟಿದರು. 1951ರಿಂದ 1958ರವರೆಗೆ ಬಹುಕಾಲವನ್ನು ದಕ್ಷಿಣ ಇರಾಕಿನ ಜವುಗುನೆಲದ ಅರಬರ ನಡುವೆ ಕಳೆದರು. ಬಾಳಿನ ಉತ್ತರಾರ್ಧದಲ್ಲಿ ಕೆನ್ಯ ದೇಶದ ಸಂಬುರು ಜನರ ನಡುವೆ ನೆಲಸಿದರು. 2003ರಲ್ಲಿ ಅವರು ತೀರಿಕೊಂಡ ಬಳಿಕ, ಸುಮಾರು 38,000 ನೆಗೆಟಿವ್‌ಗಳಿರುವ ಅವರ ಸಂಗ್ರಹವು ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯವನ್ನು ಸೇರಿತು. ಪುಸ್ತಕಗಳಲ್ಲಿ ಅಚ್ಚಾದುವು ಇದರ ಒಂದು ಅಲ್ಪಾಂಶ ಮಾತ್ರ.

ಅವರ ಕೀರ್ತಿಗೆ ಆಧಾರವಾದ ಗ್ರಂಥಗಳು ಎರಡು: 1959ರ ‘ಅರೇಬಿಯನ್ ಸ್ಯಾಂಡ್ಸ್’ ಮತ್ತು 1964ರ ‘ದಿ ಮಾರ್ಷ್ ಅರಬ್ಸ್’. ಇವುಗಳಲ್ಲಿ ಚಿತ್ರವು ವಚನಕ್ಕೆ ಅಧೀನವಾದುದು. ದಾರಿಯು ಹೇಗೆ ಸಾಗಿತೋ ಹಾಗೆ ಚಿತ್ರವೂ ಸಾಕ್ಷಿ ಹೇಳುತ್ತ ಹಿಂಬಾಲಿಸುತ್ತದೆ. 1987ರಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ, ಅವರು ಹೊರತಂದ ‘ವಿಷನ್ಸ್ ಆಫ್ ಎ ನೋಮ್ಯಾಡ್’ ಈ ಸಂಬಂಧವನ್ನು ತಿರುವುಮುರುವು ಮಾಡಿತು. ಅಲ್ಲಿ ಚಿತ್ರವೇ ಗ್ರಂಥ, ವಚನವು ಪರಿಚಾರಕ. 2001ರ ‘ಎ ವ್ಯಾನಿಷ್ಡ್ ವರ್ಲ್ಡ್’ ಎಂಬ ಸಂಪುಟವು ಇನ್ನೂ ಮುಂದೆ ಹೋಗಿ, ಬಹುಮಟ್ಟಿಗೆ ಮನುಷ್ಯರ ಮುಖಗಳಿಂದಲೇ ಕೂಡಿದುದಾಗಿದೆ. ಹೀಗೆ ಅರ್ಧ ಶತಮಾನಕ್ಕೂ ಮಿಗಿಲಾದ ಸಂಚಾರದ ಫಲವು ಓದುಗರ ಕೈಗೆ ಬಂದುದು ಕರ್ತೃವಿನ ವಾರ್ಧಕ್ಯದಲ್ಲಿ.

ಈ ಚಿತ್ರಗಳ ಗುಣವನ್ನು ಕುರಿತು ಹೆಚ್ಚು ಚರ್ಚೆಯು ಅನಾವಶ್ಯಕ. ಕಪ್ಪು ಬಿಳುಪಿನಲ್ಲಿಯೇ ತೃಪ್ತಿಯನ್ನು ಕಂಡ ಈ ಕಲೆಯಲ್ಲಿ ಆಡಂಬರವಿಲ್ಲ. ಅನೇಕ ಮುಖಚಿತ್ರಗಳಿಗೆ ಬರಿಯ ಆಕಾಶವೇ ಹಿನ್ನೆಲೆ. ರಾಶಿದ್ ಕುಲದ ತರುಣರಾದ ಬಿನ್ ಕಬೀನ, ಬಿನ್ ಘಬೈಶ ಇವರ ಚಿತ್ರಗಳನ್ನು ನೋಡಿದವರು ಆ ಮುಖಗಳನ್ನು ಮರೆಯಲಾರರು. ಹಸಿವು, ಬಾಯಾರಿಕೆ, ಶತ್ರುಭಯ ಇವುಗಳ ನಡುವೆ ತೆಗೆದ ಚಿತ್ರಗಳಾದರೂ ಅವರ ಕಣ್ಣುಗಳಲ್ಲಿ ದೈನ್ಯವಿಲ್ಲ. ತನ್ನನ್ನು ನೋಡುವವನನ್ನು ಸಮಾನನೆಂದು ತಿಳಿದು ನಿಂತವನ ಸರಳವಾದ ನೋಟವು ಅಲ್ಲಿದೆ. ಇಂತಹ ನೋಟವನ್ನು ಪಡೆಯುವುದು ಯಂತ್ರದಿಂದ ಆಗುವ ಕೆಲಸವಲ್ಲ. ಒಂದೇ ಚರ್ಮದ ಚೀಲದ ಕಹಿನೀರನ್ನು ಹಂಚಿಕೊಂಡು ಕುಡಿದವನಿಗೆ ಮಾತ್ರ ಅದು ದೊರೆಯುವುದು.

ವಿವಾದವು ಹುಟ್ಟುವುದು ಚಿತ್ರದಲ್ಲಿ ಅಲ್ಲ, ಚಿತ್ರಕ್ಕೆ ಕೊಟ್ಟ ಹೆಸರಿನಲ್ಲಿ. ‘ಮರೆಯಾದ ಲೋಕ’ ಎಂಬ ಅರ್ಥದ ಶೀರ್ಷಿಕೆಯು ವಾಚಕನು ಪುಟವನ್ನು ತೆರೆಯುವ ಮೊದಲೇ ಅವನ ಮನಸ್ಸಿನಲ್ಲಿ ಕರುಣರಸವನ್ನು ತುಂಬಿಬಿಡುತ್ತದೆ. ಆದರೆ ಚಿತ್ರದಲ್ಲಿರುವವರು ಅಳುತ್ತಿಲ್ಲ. ಅವರು ತಾರುಣ್ಯದಲ್ಲಿದ್ದಾರೆ, ನಗುತ್ತಿದ್ದಾರೆ, ನಾಳಿನ ದಾರಿಯನ್ನು ನೋಡುತ್ತಿದ್ದಾರೆ. ಶೋಕವು ಜೋಡಿಸಿದವರದು, ಜೋಡಣೆಗೊಂಡವರದಲ್ಲ. ರಸಕ್ಕೆ ಆಶ್ರಯವು ಯಾರೆಂಬ ಅಲಂಕಾರಶಾಸ್ತ್ರದ ಹಳೆಯ ಪ್ರಶ್ನೆಯು ಇಲ್ಲಿ ಹೊಸ ವೇಷದಲ್ಲಿ ಬಂದು ನಿಲ್ಲುತ್ತದೆ.

ಇರಾಕಿನ ಜವುಗುನೆಲದ ಉದಾಹರಣೆಯಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. 1964ರಲ್ಲಿ ಥೆಸಿಜರರು ಆ ಬಾಳಿನ ಅಂತ್ಯವನ್ನು ಶಂಕಿಸಿ ಬರೆದಾಗ ಅದು ಇನ್ನೂ ಅಳಿದಿರಲಿಲ್ಲ. ನಿಜವಾದ ನಾಶವು ಒದಗಿದುದು 1991ರ ದಂಗೆಯ ಬಳಿಕ. ಇರಾಕಿನ ಸರಕಾರವು ಕಾಲುವೆಗಳಿಂದಲೂ ಒಡ್ಡುಗಳಿಂದಲೂ ನೀರನ್ನು ತಿರುಗಿಸಿ ಜೊಂಡಿನ ಕಾಡನ್ನು ಒಣನೆಲವಾಗಿಸಿತು. 2003ರ ಅನಂತರ ಒಡ್ಡುಗಳನ್ನು ಒಡೆಯಲು ನೀರು ಭಾಗಶಃ ಮರಳಿತು; 2016ರಲ್ಲಿ ಆ ಪ್ರದೇಶವು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಜೊಂಡಿನಿಂದಲೇ ಕಮಾನುಕಟ್ಟಿದ ‘ಮುಧಿಫ್’ ಎಂಬ ಅತಿಥಿಶಾಲೆಗಳ ಚಿತ್ರಗಳನ್ನು ಈಗ ನೋಡುವಾಗ, ಅವು ಚರಮಗೀತವೂ ಅಲ್ಲ, ಬರಿಯ ಅಲಂಕಾರವೂ ಅಲ್ಲ. ಅಳಿದುದು ಏನು, ಉಳಿದುದು ಏನು, ಮತ್ತೆ ಕಟ್ಟಬೇಕಾದುದು ಏನು ಎಂಬುದನ್ನು ಅಳೆಯುವ ಪ್ರಮಾಣಗಳಾಗಿವೆ. ಕರ್ತೃವಿನ ವಿಷಾದಕ್ಕಿಂತ ಅವನ ಚಿತ್ರವು ಹೆಚ್ಚು ಕಾಲ ಸತ್ಯವಾಗಿ ಉಳಿಯಿತೆಂದು ಹೇಳಬೇಕಾಗುತ್ತದೆ.

ಇನ್ನು ದಾಟಿಸಿದ ಚಿತ್ರಗಳ ವಿಚಾರ. ಥೆಸಿಜರರು ಮೋಟಾರನ್ನೂ ವಿಮಾನವನ್ನೂ ದ್ವೇಷಿಸಿದರು; ಆದರೆ ಅವರ ಕೈಯಲ್ಲಿದ್ದ ಲೈಕಾ ಕ್ಯಾಮರಾ ಅದೇ ಯಂತ್ರಯುಗದ ಶಿಶು. ಅವರನ್ನು ಮರುಭೂಮಿಗೆ ಕಳುಹಿಸಿದುದು ಮಿಡತೆಗಳ ಇಲಾಖೆ. ಅವರು ರಚಿಸಿದ ನಕ್ಷೆಗಳು ಎಣ್ಣೆಯನ್ನು ಅರಸಿ ಬಂದವರಿಗೂ ನೆರವಾದುವು. ಈ ಕಡೆಯ ಮಾತನ್ನು ಅವರು ‘ಅರೇಬಿಯನ್ ಸ್ಯಾಂಡ್ಸ್’ ಗ್ರಂಥದಲ್ಲಿ ತಾವೇ ಒಪ್ಪಿಕೊಂಡಿರುವುದು ಅವರ ಪ್ರಾಮಾಣಿಕತೆಗೆ ಭೂಷಣ. ವಚನದಲ್ಲಿ ಒಪ್ಪಿದ ಈ ಸಂಗತಿಯು ಚಿತ್ರಸಂಪುಟಗಳಲ್ಲಿ ಮಾತ್ರ ಕಾಣಿಸುವುದಿಲ್ಲ. ಅಲ್ಲಿ ಮರಳು, ಒಂಟೆ, ಮನುಷ್ಯ ಇಷ್ಟೇ. ಅರೇಬಿಯದ ಚಿತ್ರಗಳಲ್ಲಿ ಸ್ತ್ರೀಯರು ವಿರಳ; ಅಪರಿಚಿತ ಪುರುಷನಿಗೆ ಆ ಸಮಾಜವು ವಿಧಿಸಿದ ಮರ್ಯಾದೆಯೂ ಇದಕ್ಕೆ ಕಾರಣವಾಗಿರಬಹುದು, ಗಂಡಸರ ಸಹವಾಸವನ್ನೇ ಮೆಚ್ಚಿದ ಕರ್ತೃವಿನ ಸ್ವಭಾವವೂ ಕಾರಣವಾಗಿರಬಹುದು. ಅರೇಬಿಯದ ಒಡನಾಡಿಗಳಿಗೆ ಹೆಸರಿದ್ದರೆ, ಬೇರೆ ಸೀಮೆಗಳ ಅನೇಕ ಮುಖಗಳ ಕೆಳಗೆ ಕುಲದ ಹೆಸರು ಮಾತ್ರವಿದೆ. ಹೆಸರಿದ್ದ ಮುಖವು ವ್ಯಕ್ತಿಯಾಗುತ್ತದೆ. ಹೆಸರಿಲ್ಲದ ಮುಖವು ಮಾದರಿಯಾಗಿಬಿಡುತ್ತದೆ. ಊರ್ಮಿಳೆಯ ಚಿತ್ರವು ಕಣ್ಣೆದುರಿಗೇ ಇದ್ದರೂ ಇವಳಾರೆಂಬ ಪ್ರಶ್ನೆಗೆ ಉತ್ತರವು ದೊರೆಯದ ಹಾಗೆಯೇ ಇದು.

ಆದಕಾರಣ ಅದೃಷ್ಟಪೂರ್ವವೆಂಬ ಒಂದೇ ಕಾರಣದಿಂದ ಚಿತ್ರಕ್ಕೆ ಬೆಲೆಯು ಬರುವುದಿಲ್ಲ. ಹಿಂದಿನ ಆಯ್ಕೆಯು ಕಟ್ಟಿದ ಕಥೆಯನ್ನು ಹೊಸ ಚಿತ್ರವು ತಿದ್ದಿದರೆ ಅದಕ್ಕೆ ಬೆಲೆ. ಅದೇ ಕಥೆಯನ್ನು ಇನ್ನಷ್ಟು ದಪ್ಪವಾಗಿ ಬರೆದರೆ ಅದು ಪುನರುಕ್ತಿ. ಈ ಅಳತೆಗೋಲಿನಿಂದ ನೋಡಿದರೆ, ಕರ್ತೃವಿನ ಸಂಪುಟಗಳಿಗಿಂತಲೂ ಹೆಚ್ಚಿನ ಕೆಲಸವನ್ನು ಸಂಗ್ರಹಾಲಯವು ಮಾಡಬಲ್ಲುದು. 2010ರಲ್ಲಿ, ಅವರು ಹುಟ್ಟಿದ ನೂರನೆಯ ವರ್ಷದಲ್ಲಿ, ಅದೇ ಪಿಟ್ ರಿವರ್ಸ್ ಸಂಸ್ಥೆಯು ಅವರ ಆಫ್ರಿಕದ ಚಿತ್ರಗಳನ್ನು ಪ್ರದರ್ಶಿಸಿತು. ಅರೇಬಿಯದ ಥೆಸಿಜರರನ್ನು ಮಾತ್ರ ಬಲ್ಲವರಿಗೆ, ಅವರ ಬಾಳಿನ ಆದಿಯೂ ಉತ್ತರಾರ್ಧದ ಬಹುಭಾಗವೂ ಆಫ್ರಿಕದಲ್ಲಿಯೇ ಕಳೆದುವೆಂಬುದನ್ನು ಅದು ನೆನಪಿಗೆ ತಂದಿತು.

ಎಲ್ಲಕ್ಕಿಂತ ಅರ್ಥವತ್ತಾದ ಚಿತ್ರದರ್ಶನವು ನಡೆದುದು ಇಂಗ್ಲೆಂಡಿನಲ್ಲಿ ಅಲ್ಲ. 1977ರಲ್ಲಿ ಥೆಸಿಜರರು ಅಬುಧಾಬಿಗೆ ಮರಳಿದಾಗ, ಎಣ್ಣೆಯ ಐಶ್ವರ್ಯದಿಂದ ಬೆಳೆದ ನಗರವನ್ನು ಕಂಡು ಕಹಿಯಾಗಿ ನಿಂದಿಸಿದ್ದರು. 1990ರಲ್ಲಿ ಅದೇ ಊರಿನಲ್ಲಿ ಅವರ ಛಾಯಾಚಿತ್ರಗಳ ಪ್ರದರ್ಶನವು ಏರ್ಪಟ್ಟಿತು. ಅದಾದ ಬಳಿಕ ತಮ್ಮ ಗ್ರಂಥದ ಮರುಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ, ಅನಿವಾರ್ಯವಾದ ಬದಲಾವಣೆಯೊಡನೆ ತಮಗೆ ಈಗ ಸಮಾಧಾನವಾಗಿದೆಯೆಂದು ಒಪ್ಪಿಕೊಂಡರು. ಇಲ್ಲಿ ನಡೆದುದೇನು? ಚಿತ್ರದಲ್ಲಿದ್ದವರ ಜನವೇ ಚಿತ್ರದ ಮುಂದೆ ನಿಂತಿತು. ಲಂಡನ್ನಿನ ವಾಚಕನಿಗೆ ಮರೆಯಾದ ಲೋಕವಾಗಿದ್ದುದು ಅವರಿಗೆ ಅಜ್ಜತಂದೆಗಳ ಮುಖವಾಗಿತ್ತು. ಅಳಿದುದಕ್ಕಾಗಿ ಮರುಗುವ ಹಕ್ಕೂ, ಕಷ್ಟವು ತೀರಿತೆಂದು ಹಿಗ್ಗುವ ಹಕ್ಕೂ ಮೊದಲು ಅವರದು. ಆ ಹಸಿವನ್ನು ಥೆಸಿಜರರು ಇಚ್ಛೆಯಿಂದ ವರಿಸಿದ್ದರು. ಅವರ ಒಡನಾಡಿಗಳಿಗೆ ಬೇರೆ ದಾರಿಯು ಇರಲಿಲ್ಲ.

ಭವಭೂತಿಯ ಚಿತ್ರದರ್ಶನವು ಶ್ರೇಷ್ಠವಾಗಿರುವುದು ಈ ಕಾರಣದಿಂದಲೇ: ಅಲ್ಲಿ ನೋಡುವವರೂ ನೋಡಲ್ಪಡುವವರೂ ಒಬ್ಬರೇ. ಚಿತ್ರವನ್ನು ಕಂಡು ಸೀತೆಯು ಹೆದರುತ್ತಾಳೆ, ಹಿಗ್ಗುತ್ತಾಳೆ, ಮತ್ತೆ ಕಾಡನ್ನು ಕಾಣಬೇಕೆಂದು ಬಯಸುತ್ತಾಳೆ. ಅವಳ ಪರವಾಗಿ ಇನ್ನೊಬ್ಬರು ಶೋಕಿಸಬೇಕಾಗಿಲ್ಲ. ಥೆಸಿಜರರ ಸಂಪುಟಗಳನ್ನು ವಿದ್ಯಾರ್ಥಿಗಳ ಮುಂದಿಡುವ ಅಧ್ಯಾಪಕರು ಈ ಭೇದವನ್ನು ತಿಳಿಸಿಕೊಡುವುದು ಯುಕ್ತ. ವಚನವನ್ನು ಓದಿ ಚಿತ್ರವನ್ನು ನೋಡಿದರೆ ದೊರೆಯುವುದು ಕರ್ತೃವಿನ ಹೃದಯ. ವಚನವನ್ನು ಬದಿಗಿರಿಸಿ ಚಿತ್ರವನ್ನು ನೋಡಿ, ಇವರಾರು, ಇವರ ಹೆಸರೇನು, ಇವರ ಮುಂದಿನ ಬಾಳು ಏನಾಯಿತು ಎಂದು ಕೇಳಿದರೆ ಮಾತ್ರ ದೊರೆಯುವುದು ಆ ಜನದ ಇತಿಹಾಸ. ಮೊದಲನೆಯದನ್ನು ಥೆಸಿಜರರು ಧಾರಾಳವಾಗಿ ಕೊಟ್ಟಿದ್ದಾರೆ. ಎರಡನೆಯದಕ್ಕೆ ಬೇಕಾದ ಸಾಮಗ್ರಿಯನ್ನೂ, ತಮ್ಮ ವಿಷಾದಕ್ಕೆ ವಿರೋಧವಾಗಿಯೇ, ಅವರು ಕೂಡಿಟ್ಟು ಹೋದರು.