ಹತ್ತಡಿ ಖೋಲಿಗೊಂದು ಲೆನ್ಸು

'ವರ್ಸಟೈಲ್' ಅನ್ನುವುದು ಕ್ಯಾಮೆರಾ ಪ್ರಪಂಚದಲ್ಲಿ ಸವೆದು ಹೋದ ನಾಣ್ಯ. ಅಂಗಡಿಯವನು ಆ ಮಾತಾಡಿದನೆಂದರೆ ಜೂಮ್ ಲೆನ್ಸಿನ ಡಬ್ಬಿಯೊಂದನ್ನು ನಮ್ಮ ತಲೆಗೆ ಕಟ್ಟಲು ಹೊರಟಿದ್ದಾನೆ ಅಂತಲೇ ಲೆಕ್ಕ. ದೂರದ್ದನ್ನೂ ಹಿಡಿಯುತ್ತದೆ, ಹತ್ತಿರದ್ದನ್ನೂ ಹಿಡಿಯುತ್ತದೆ, ಆದ್ದರಿಂದ ಎಲ್ಲಕ್ಕೂ ಸಲ್ಲುತ್ತದೆ ಎಂಬುದು ಅವನ ವಾದ. ಮೂರು ವರ್ಷಕ್ಕೊಮ್ಮೆ ಟ್ರಂಕು ಕಟ್ಟಿ ಊರು ಬದಲಿಸಿದ ನನ್ನಂಥವನಿಗೆ ಈ ವಾದ ಒಪ್ಪಿಗೆಯಿಲ್ಲ. ಬಿಚ್ಚಲು ಬಾರದ, ಬದಲಿಸಲು ಬಾರದ ಒಂದೇ ಲೆನ್ಸು ಇರುವ ಕ್ಯಾಮೆರಾ ಒಂದು ಸಂಸಾರದ ಎಲ್ಲ ಕೆಲಸವನ್ನೂ ಮಾಡಬಲ್ಲದು. ಆದರೆ ಆ ಒಂದು ಲೆನ್ಸು ಎಷ್ಟು ಮಿಲಿಮೀಟರಿನದು ಅನ್ನುವುದರಲ್ಲಿ ಎಲ್ಲ ಅಡಗಿದೆ.

ಈ ವಿಷಯ ತಲೆಗೆ ಹತ್ತಿದ್ದು ಪುಣೆಯಲ್ಲಿ ನೌಕರಿ ಮಾಡುವ ತಂಗಿಯ ಮಗಳಿಂದ. ಈಗಿನ ಹುಡುಗ ಹುಡುಗಿಯರಿಗೆ ಮತ್ತೆ ಫಿಲ್ಮಿನ ಹುಚ್ಚು. "ಮಾವಾ, ಒಂದು ಫಿಲ್ಮ್ ಕ್ಯಾಮೆರಾ ತಗೋಬೇಕು, ಯಾವುದು ಅಂತ ನೀವೇ ಹೇಳಿ. ಆದ್ರೆ ಒಂದೇ ಲೆನ್ಸು ಅಂದ್ರೆ ಬೋರಾಗಲ್ವಾ?" ಅಂತ ಕೇಳಿದಳು. "ಪುಟ್ಟೀ, ನಿನ್ನ ರೂಮು ಎಷ್ಟಡಿ ಇದೆ, ಮೊದಲು ಅದನ್ನ ಹೇಳು" ಅಂದೆ. ಸಾಲ ಕೇಳಲು ಬಂದವರನ್ನು ಆದಾಯ ಕೇಳಿದ ಹಾಗೆ ಇದು. ಅವಳು ನಕ್ಕಳು. ನಾನು ಮಾತ್ರ ತಮಾಷೆ ಮಾಡಿರಲಿಲ್ಲ.

1982ರಲ್ಲಿ ಬ್ಯಾಂಕಿನ ಕ್ಲಾರ್ಕಾಗಿ ಸಾಗರದಿಂದ ಮುಂಬಯಿಗೆ ಬಂದವನು ನಾನು. ಮದುವೆಯ ನಂತರ ಡೋಂಬಿವಲಿಯಲ್ಲಿ ಬಾಡಿಗೆಗೆ ಸಿಕ್ಕಿದ್ದು ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಖೋಲಿ. ಅದರಲ್ಲೇ ಒಲೆಯ ಕಟ್ಟೆ, ಅದರಲ್ಲೇ ಮೋರಿ. 1986ರಲ್ಲಿ ಸಹೋದ್ಯೋಗಿಯೊಬ್ಬರ ತಮ್ಮ ದುಬೈಯಿಂದ ತಂದ ಯಾಶಿಕಾ ಇಲೆಕ್ಟ್ರೋ 35 ನನ್ನ ಕೈಗೆ ಬಂತು. ಅದಕ್ಕೆ ಮೊದಲು ನಮ್ಮ ಮನೆತನಕ್ಕೆ ಗೊತ್ತಿದ್ದ ಕ್ಯಾಮೆರಾ ಅಂದರೆ ಆಗ್ಫಾ ಕ್ಲಿಕ್-3, ಹನ್ನೆರಡು ಚೌಕ ಚಿತ್ರದ ಡಬ್ಬಿ. ಬಿಸಿಲಿದ್ದರೆ ಚಿತ್ರ, ಇಲ್ಲದಿದ್ದರೆ ಇಲ್ಲ.

ಯಾಶಿಕಾ 1966ರಲ್ಲಿ ಹೊರತಂದ ಈ ಇಲೆಕ್ಟ್ರೋ ಮಾದರಿಯನ್ನು ಹೊಗಳದೆ ಇರಲಾಗದು. 45 ಮಿ.ಮೀ., ಎಫ್ 1.7 ಲೆನ್ಸು. ಅಪರ್ಚರ್ ನಾವು ಇಟ್ಟರೆ ಸಾಕು, ಶಟರ್ ವೇಗವನ್ನು ಅದೇ ನೋಡಿಕೊಳ್ಳುತ್ತದೆ, ಮೂವತ್ತು ಸೆಕೆಂಡಿನಿಂದ 1/500ರ ತನಕ. ಮೇಲ್ಗಡೆ ಎರಡು ದೀಪ: ಹಳದಿ ಹತ್ತಿದರೆ ಕೈ ಅಲುಗಿಸಬೇಡ ಅಂತ, ಕೆಂಪು ಹತ್ತಿದರೆ ಬೆಳಕು ಹೆಚ್ಚಾಯ್ತು ಅಂತ. ಟ್ಯೂಬ್‌ಲೈಟಿನ ಬೆಳಕಲ್ಲಿ ಮಗುವಿನ ಮುಖ ತೆಗೆದರೆ ಫ್ಲಾಶಿನ ಹಂಗಿಲ್ಲದೆ ಬರುತ್ತಿತ್ತು. ಶಟರ್ ಲೆನ್ಸಿನೊಳಗೇ ಇರುವುದರಿಂದ, ಕನ್ನಡಿ ಮೇಲೇಳುವ ಗದ್ದಲವೂ ಇಲ್ಲದ್ದರಿಂದ, ನಿದ್ದೆಯಲ್ಲಿದ್ದ ಮಗು ಏಳುತ್ತಿರಲಿಲ್ಲ. ವಿಮರ್ಶಕನಾಗಿ ಹೇಳುವುದಾದರೆ ದೋಷಗಳೂ ಉಂಟು. ಮುಕ್ಕಾಲು ಕಿಲೋ ತೂಕ. ಬ್ಯಾಟರಿ ಸತ್ತರೆ 1/500 ಒಂದೇ ವೇಗ. ಒಳಗಿನ ಒಂದು ಸಣ್ಣ ರಬ್ಬರ್ ಪ್ಯಾಡು ವಯಸ್ಸಾಗಿ ಪುಡಿಯಾಗುವುದು ಈ ಮಾದರಿಗೆ ಅಂಟಿದ ಕಾಯಿಲೆ. ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು 45 ಮಿ.ಮೀ. ಅನ್ನುವ ಸಂಖ್ಯೆ.

ಇದಕ್ಕೊಂದು ಲೆಕ್ಕ ಉಂಟು, ಎಂ.ಕಾಂ. ಬೇಕಿಲ್ಲ, ಏಳನೇ ಕ್ಲಾಸು ಸಾಕು. 35 ಮಿ.ಮೀ. ಫಿಲ್ಮಿನ ಚೌಕಟ್ಟಿನ ಅಗಲ 36 ಮಿ.ಮೀ. ಅದನ್ನು ಲೆನ್ಸಿನ ಮಿ.ಮೀ.ಯಿಂದ ಭಾಗಿಸಿ ದೂರದಿಂದ ಗುಣಿಸಿದರೆ ಎಷ್ಟು ಅಗಲ ಚಿತ್ರದಲ್ಲಿ ಬರುತ್ತದೆ ಅಂತ ಸಿಗುತ್ತದೆ. ಹತ್ತಡಿ ಖೋಲಿಯಲ್ಲಿ ಒಂದು ಗೋಡೆಗೆ ಬೆನ್ನು ಹಚ್ಚಿ ನಿಂತು ಎದುರು ಗೋಡೆಗೆ ಒರಗಿ ಕೂತವರನ್ನು ತೆಗೆದರೆ ಮಧ್ಯೆ ಉಳಿಯುವುದು ಎಂಟಡಿ. 50 ಮಿ.ಮೀ. ಲೆನ್ಸಿಗೆ ಅಲ್ಲಿ ಸಿಗುವುದು ಐದೂ ಮುಕ್ಕಾಲು ಅಡಿ. 45ಕ್ಕೆ ಆರಡಿಗಿಂತ ಸ್ವಲ್ಪ ಹೆಚ್ಚು. 40ಕ್ಕೆ ಏಳಡಿ ದಾಟುತ್ತದೆ. 35ಕ್ಕೆ ಎಂಟಡಿಯೂ ಮೇಲೆ. ಒಬ್ಬರಿಗೆ ಒಂದೂವರೆ ಅಡಿ ಹಿಡಿಯಿರಿ. ನಾನು, ಹೆಂಡತಿ, ಎರಡು ಮಕ್ಕಳು, ಓದಲು ಬಂದಿದ್ದ ತಮ್ಮ, ಒಟ್ಟು ಐದು ಜನ. ಇಲೆಕ್ಟ್ರೋವನ್ನು ಒಲೆಕಟ್ಟೆಯ ಮೇಲಿಟ್ಟು ಸೆಲ್ಫ್ ಟೈಮರ್ ಎಳೆದು ಓಡಿ ಬಂದು ಕೂತರೆ ಪ್ರತಿಸಲವೂ ತಮ್ಮನ ಅರ್ಧ ಹೆಗಲು ಹೊರಗೆ. ನಾಲ್ಕು ಜನರ ಸಂಸಾರಕ್ಕೆ ಸಾಕಾದ ಲೆನ್ಸು ಅದು.

ಹೆಗಲು ಹೋದರೆ ಹೋಗಲಿ, ಖೋಲಿಯೂ ಹೋಗುತ್ತಿತ್ತು. ಊರಿಗೆ ಕಳಿಸಿದ ಚಿತ್ರಗಳಲ್ಲೆಲ್ಲ ಮುಖಗಳೇ ಮುಖಗಳು. ಹಿಂದೆ ಸುಣ್ಣದ ಗೋಡೆ. ಅಮ್ಮ ಕಾಗದ ಬರೆಸುವಾಗ ಪ್ರತಿಸಲ ಕೇಳುತ್ತಿದ್ದಳು, "ಎಲ್ಲರೂ ಚೆನ್ನಾಗಿ ಕಾಣ್ತೀರಿ, ಆದರೆ ಅಡಿಗೆ ಎಲ್ಲಿ ಮಾಡ್ತೀರಿ?" ಮಗ ಮುಂಬಯಿಯಲ್ಲಿ ಹೇಗಿದ್ದಾನೆ ಅಂತ ತಿಳಿಯಲು ಅವಳಿಗಿದ್ದದ್ದು ಆ ಚಿತ್ರಗಳಷ್ಟೇ. ಪರಊರಿನಲ್ಲಿರುವವರ ಕ್ಯಾಮೆರಾಗೆ ಊರಿನಲ್ಲಿರುವವರ ಕ್ಯಾಮೆರಾಗಿಂತ ಒಂದು ಹೆಚ್ಚಿನ ಕೆಲಸ ಇರುತ್ತದೆ, ಅದು ಸಾಕ್ಷಿ ಹೇಳಬೇಕು.

1991ರಲ್ಲಿ ಗೆಳೆಯರೊಬ್ಬರಿಂದ ಒಂದು ತಿಂಗಳ ಮಟ್ಟಿಗೆ ಒಲಿಂಪಸ್ ಎಕ್ಸ್‌ಎ ಎರವಲು ಸಿಕ್ಕಿತು. ಯೋಶಿಹಿಸಾ ಮೈತಾನಿ ಎಂಬ ಜಪಾನಿ ಎಂಜಿನಿಯರ್ ರೂಪಿಸಿದ, 1979ರಲ್ಲಿ ಬಂದ ಪುಟ್ಟ ಯಂತ್ರ. ಅಂಗಿ ಜೇಬಿಗೆ ಇಳಿಯುತ್ತದೆ, ಕಾಲು ಕಿಲೋ ಕೂಡ ತೂಗುವುದಿಲ್ಲ. ಬಾಗಿಲು ಸರಿಸಿದ ಹಾಗೆ ಮುಚ್ಚಳ ಸರಿಸಿದರೆ ಲೆನ್ಸು ಹೊರಗೆ. ಡೋಂಬಿವಲಿ ಫಾಸ್ಟ್ ಲೋಕಲ್‌ನ ನೂಕುನುಗ್ಗಲಲ್ಲಿ ಚರ್ಮದ ಚೀಲ ಜೋತುಹಾಕಿಕೊಂಡು ಹೋಗುವ ಫಜೀತಿ ಇಲ್ಲ. 35 ಮಿ.ಮೀ., ಎಫ್ 2.8. ಲೆನ್ಸು ಪೂರ್ತಿ ತೆರೆದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಫೋಕಸ್ ನೋಡುವ ಹಳದಿ ಕಿಂಡಿ ಮಂಕು. ಶಟರ್ ಗುಂಡಿಯಂತೂ ಮುಟ್ಟಿದರೆ ಮುನಿ, ಬೆರಳು ತಾಗಿತೋ ಇಲ್ಲವೋ ಚಿತ್ರ ಆಗಿಹೋಗಿರುತ್ತದೆ. ಇಷ್ಟಿದ್ದೂ ಐದೂ ಜನ ಬಂದರು. ಜತೆಗೆ ಸ್ಟೋವು, ಮೋರಿ, ಹಗ್ಗದ ಮೇಲಿನ ಬಟ್ಟೆ, ಮಡಚಿಟ್ಟ ಹಾಸಿಗೆ, ಅದರ ಮೇಲೆ ನನ್ನ ಲೆಡ್ಜರ್ ಕಾಗದಗಳು ಕೂಡ ಬಂದವು.

ಅಮ್ಮನ ಉತ್ತರದಲ್ಲಿ ಒಂದೇ ಸಾಲು. "ಇಷ್ಟೇ ಜಾಗದಲ್ಲಿ ಐದು ಜನ ಇದೀರೇನು?" ಮುಂದಿನ ವಾರವೇ ತಮ್ಮನಿಗೆ ಶಿವಮೊಗ್ಗದ ಕಾಲೇಜಿನಲ್ಲಿ ಸೀಟು ನೋಡಲು ಅಪ್ಪ ಹೊರಟರು. ಐದು ವರ್ಷ ನಾಲ್ಕು ನೂರು ಚಿತ್ರ ಹೇಳದೆ ಬಿಟ್ಟದ್ದನ್ನು ಒಂದು ಚಿತ್ರ ಹೇಳಿತು. ಅಮ್ಮ 1994ರಲ್ಲಿ ತೀರಿಕೊಂಡಳು, ಮುಂಬಯಿ ನೋಡಲಿಲ್ಲ. ಖೋಲಿ ಮಾತ್ರ ನೋಡಿದ್ದಳು.

ಹಾಗಾದರೆ ಇನ್ನೂ ಅಗಲದ ಲೆನ್ಸು ಇನ್ನೂ ಒಳ್ಳೆಯದಲ್ಲವೇ ಅಂತ ಯಾರಾದರೂ ಕೇಳಬಹುದು. ಅಲ್ಲ. 1996ರಲ್ಲಿ ಬಂದ ರಿಕೋ ಜಿಆರ್1 ಲೆನ್ಸು 28 ಮಿ.ಮೀ.ಯದು. ಅದರ ಹರಿತದ ಬಗ್ಗೆ ಎರಡು ಮಾತಿಲ್ಲ, ಆದರೆ ಅದು ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ಹತ್ತಡಿ ಖೋಲಿ ಹದಿನೈದಡಿ ಹಾಗೆ ತೋರುತ್ತದೆ. ಫ್ಲಾಟು ಮಾರುವ ದಲ್ಲಾಳಿಗಳ ಜಾಹೀರಾತು ನೋಡಿ, ಎಲ್ಲ ಹಾಲ್‌ಗಳೂ ಕಲ್ಯಾಣ ಮಂಟಪ! ಜಾಮೀನಿನ ಆಸ್ತಿಯ ಫೋಟೋ ನೋಡಿ ಸಾಲ ಮಂಜೂರು ಮಾಡುವ ಬ್ಯಾಂಕಿನವನಿಗೆ ಇದು ಚೆನ್ನಾಗಿ ಗೊತ್ತು. 50 ಅರ್ಧ ಸತ್ಯ ಹೇಳುತ್ತದೆ, 28 ಹೆಚ್ಚು ಮಾಡಿ ಹೇಳುತ್ತದೆ. 35ರಿಂದ 40ರ ನಡುವೆ ನಿಂತವನೇ ನಂಬಬಹುದಾದ ಸಾಕ್ಷಿ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರ ಚಿತ್ರಗಳಲ್ಲಿ ಜನ ಅವರವರ ಅಂಗಳ, ಕಟ್ಟೆ, ಬೀದಿಗಳ ಜತೆಗೇ ಸಿಗುತ್ತಾರೆ. ಯಾವ ಲೆನ್ಸಿನಲ್ಲಾದರೂ ಸರಿ, ಕಲಿಯಬೇಕಾದ್ದು ಅದನ್ನು.

40ರ ಜಾತಿಯಲ್ಲಿ ಎರಡು ಕ್ಯಾಮೆರಾ ಹೆಸರಿಸಬೇಕು. ಒಲಿಂಪಸ್ ಟ್ರಿಪ್ 35, 1967ರದು. ಬ್ಯಾಟರಿಯೇ ಬೇಡ, ಲೆನ್ಸಿನ ಸುತ್ತ ಇರುವ ಸೆಲೆನಿಯಂ ಕಿಟಕಿ ಬೆಳಕಿನಿಂದಲೇ ಬದುಕುತ್ತದೆ. ಆದರೆ ಕತ್ತಲಾದರೆ ಕಿಂಡಿಯಲ್ಲಿ ಕೆಂಪು ಬಾವುಟ ಎತ್ತಿ ಮುಷ್ಕರ ಹೂಡುತ್ತದೆ, ಯೂನಿಯನ್ನಿನವರ ಹಾಗೆ. ಪ್ರವಾಸಕ್ಕೆ ಸರಿ, ಒಂದೇ ದೀಪದ ಮನೆಗಲ್ಲ. ಇನ್ನೊಂದು 1972ರ ಕ್ಯಾನನೆಟ್ ಕ್ಯುಎಲ್17 ಜಿ-3. ಎಫ್ 1.7 ಇದ್ದು ಇಲೆಕ್ಟ್ರೋದ ಹಾಗೆ ಮಂದ ಬೆಳಕಿಗೂ ಆಗುತ್ತದೆ, ಬ್ಯಾಟರಿ ಸತ್ತರೆ ಮೀಟರ್ ಮಾತ್ರ ಸಾಯುತ್ತದೆ, ವೇಗ ಅಪರ್ಚರ್ ಎರಡೂ ಕೈಯಲ್ಲಿ ಇಟ್ಟು ಕೆಲಸ ಮುಂದುವರಿಸಬಹುದು. ಅದಕ್ಕೆ ಬೇಕಿದ್ದ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ, ಕಿವಿಯ ಯಂತ್ರದ ಜಿಂಕ್-ಏರ್ ಬ್ಯಾಟರಿಗೆ ಒಂದು ಬಳೆ ಹಾಕಿ ಕೂಡಿಸಿದರೆ ಮೀಟರ್ ಸರಿಸುಮಾರು ನಿಜ ಹೇಳುತ್ತದೆ. 2024ರಲ್ಲಿ ಪೆಂಟಾಕ್ಸ್ 17 ಅಂತ ಹೊಚ್ಚ ಹೊಸ ಫಿಲ್ಮ್ ಕ್ಯಾಮೆರಾನೇ ಬಂದಿದೆ. ಅರ್ಧ ಚೌಕಟ್ಟು, 36ರ ರೋಲಿನಲ್ಲಿ 72 ಚಿತ್ರ. ಫಿಲ್ಮಿನ ಇವತ್ತಿನ ಬೆಲೆಗೆ ಅದು ಸಣ್ಣ ಉಪಕಾರವಲ್ಲ. ಆದರೆ ಚಿತ್ರ ತಾನಾಗಿ ಉದ್ದುದ್ದ ನಿಲ್ಲುತ್ತದೆ, ಸಾಲಾಗಿ ಕೂತ ಸಂಸಾರಕ್ಕೆ ಕ್ಯಾಮೆರಾ ಮಲಗಿಸಬೇಕು.

ಪುಟ್ಟಿಗೆ ನಾನು ಹೇಳಿದ್ದು ಕ್ಯಾನನೆಟ್. ಎಕ್ಸ್‌ಎ ನನಗೆ ಹೆಚ್ಚು ಪ್ರೀತಿ ಹೌದು, ಆದರೆ ಬ್ಯಾಟರಿ ಇಲ್ಲದೆ ಅದು ಅಲುಗುವುದಿಲ್ಲ, ಒಳಗಿನ ಸರ್ಕೀಟು ಕೆಟ್ಟರೆ ರಿಪೇರಿ ಮಾಡುವ ಕೈಗಳು ಈಗ ವಿರಳ. ಮುಂಬಯಿಗೆ ಬಂದಾಗ ಇಬ್ಬರೂ ಬೋರಾಬಜಾರಿಗೆ ಹೋದೆವು. ಮೂರು ಕ್ಯಾನನೆಟ್ ನೋಡಿದೆವು. ಮೊದಲಿನದರ ಲೆನ್ಸಿನಲ್ಲಿ ಟಾರ್ಚ್ ಹಾಕಿದರೆ ಜೇಡರ ಬಲೆಯಂತೆ ಬೂಷ್ಟು, ಮುಂಬಯಿ ಮಳೆಗಾಲದ ಪ್ರಸಾದ. ಎರಡನೆಯದರ 1/4 ಸೆಕೆಂಡು ಒಂದು ಸೆಕೆಂಡಾಗಿತ್ತು. ಮೂರನೆಯದು ಕೊಂಡಳು. ಹಿಂಬಾಗಿಲಿನ ಸ್ಪಂಜು ಅಂಟಂಟಾಗಿತ್ತು, ಅದನ್ನು ಕೆರೆದು ಹೊಸದು ಹಚ್ಚಲು ಅಂಗಡಿಯವನು ಬೇರೆ ದುಡ್ಡು ಕೇಳಿದ. ಚೌಕಾಸಿ ಮಾಡಿ ಅದನ್ನು ಒಟ್ಟು ಬೆಲೆಯೊಳಗೇ ಸೇರಿಸಿದೆ. ಅವಳ ಪೀಜಿ ರೂಮು ಒಂಬತ್ತಡಿಯಂತೆ, ಇಬ್ಬರು ಇದ್ದಾರೆ. ಮೊದಲ ರೋಲ್ ತೊಳೆಯಲು ಕೊಟ್ಟಿದ್ದಾಳೆ, ಪ್ರಿಂಟು ಹಾಕಿಸಿ ಒಂದು ಪ್ರತಿ ಸಾಗರಕ್ಕೆ, ಅವಳ ಅಮ್ಮನಿಗೆ ಕಳಿಸು ಅಂದಿದ್ದೇನೆ.