ಒಂದೇ ಪಾತ್ರ, 41 ವರ್ಷ

ಧಾರಾವಾಹಿಯ ನಟಿಯನ್ನು ಒಂದು ಸಂಚಿಕೆ ನೋಡಿ ಅಳೆಯಬಾರದು. ಅಮೆರಿಕದ ಸೂಸನ್ ಲೂಚಿಯ ವಿಷಯದಲ್ಲಿ ಎಮ್ಮಿ ಟಿ.ವಿ. ಪ್ರಶಸ್ತಿಯ ತೀರ್ಪುಗಾರರು ವರ್ಷ ವರ್ಷವೂ ಮಾಡಿದ್ದು ಅದನ್ನೇ.

ಆಗ್ನೆಸ್ ನಿಕ್ಸನ್ ಸೃಷ್ಟಿಸಿದ ‘ಆಲ್ ಮೈ ಚಿಲ್ಡ್ರನ್’ ಎಬಿಸಿ ವಾಹಿನಿಯಲ್ಲಿ ಶುರುವಾದದ್ದು 1970ರ ಜನವರಿಯಲ್ಲಿ. ಪೈನ್ ವ್ಯಾಲಿ ಎಂಬ ಕಲ್ಪಿತ ಊರು, ಅಲ್ಲಿ ಎರಿಕಾ ಕೇನ್ ಎಂಬ ಹಟಮಾರಿ ಹುಡುಗಿ. 2011ರ ಸೆಪ್ಟೆಂಬರಿನಲ್ಲಿ ಎಬಿಸಿ ಧಾರಾವಾಹಿಗೆ ತೆರೆ ಎಳೆಯುವವರೆಗೂ ಎರಿಕಾ ಎಂದರೆ ಲೂಚಿ. ನಮ್ಮಲ್ಲಿ ನಾಯಕಿ ಬಿಟ್ಟುಹೋದರೆ ಇನ್ನೊಬ್ಬಳು ಬರುತ್ತಾಳೆ. ವಾರ ಕಳೆಯುವಷ್ಟರಲ್ಲಿ ನಾವೂ ಹೊಸ ಮುಖಕ್ಕೆ ಒಗ್ಗಿರುತ್ತೇವೆ. ಎರಿಕಾಗೆ ಬದಲಿ ಹುಡುಕುವ ಧೈರ್ಯ ಯಾರಿಗೂ ಬರಲಿಲ್ಲ.

ಎರಿಕಾ ಒಳ್ಳೆಯವಳಲ್ಲ. ಗಂಡಂದಿರನ್ನು ಬದಲಿಸಿದಳು, ಸುಳ್ಳು ಹೇಳಿದಳು. 1973ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ ವರ್ಷವೇ, ಮಾಡೆಲಿಂಗ್ ಕೈತಪ್ಪಬಾರದೆಂದು ಗರ್ಭಪಾತ ಮಾಡಿಸಿಕೊಂಡಳು. ನಮ್ಮ ಸೀರಿಯಲ್‌ಗಳಲ್ಲಾದರೆ ಇವಳು ವಿಲನ್, ಕಣ್ಣೀರು ಹಾಕುವ ಇನ್ನೊಬ್ಬಳು ನಾಯಕಿ. ಲೂಚಿ ಇವೆರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡಳು.

ಎಮ್ಮಿಗೆ ಮೊದಲ ನಾಮನಿರ್ದೇಶನ 1978ರಲ್ಲಿ. ಆಮೇಲೆ ಸೋಲಿನ ಮೇಲೆ ಸೋಲು. ಆ ಸೋಲೇ ಜನರ ಬಾಯಲ್ಲಿ ನಗೆಚಾಟಿಕೆಯಾಯಿತು. 1990ರಲ್ಲಿ ‘ಸ್ಯಾಟರ್ಡೆ ನೈಟ್ ಲೈವ್’ ಎಂಬ ಹಾಸ್ಯ ಕಾರ್ಯಕ್ರಮ ನಿರೂಪಿಸಲು ಹೋದಾಗ ಲೂಚಿಯೂ ಆ ನಗೆಯಲ್ಲಿ ಸೇರಿಕೊಂಡಳು. 1995ರಲ್ಲಂತೂ ಎರಿಕಾಳ ಮಗಳು ಕೆಂಡಾಲ್ ಆಗಿದ್ದ ಸಾರಾ ಮಿಶೆಲ್ ಗೆಲ್ಲರ್‌ಗೇ ಕಿರಿಯ ನಟಿಯರ ಎಮ್ಮಿ ಬಂತು, ತಾಯಿಗೆ ಬರಲಿಲ್ಲ! ಕೊನೆಗೆ 1999ರಲ್ಲಿ, 19ನೇ ನಾಮನಿರ್ದೇಶನದಲ್ಲಿ ಗೆದ್ದಾಗ ಸಭಾಂಗಣ ಎದ್ದು ನಿಂತು ನಿಮಿಷಗಟ್ಟಲೆ ಚಪ್ಪಾಳೆ ತಟ್ಟಿತು.

ಇಷ್ಟು ತಡವೇಕೆ? ತೀರ್ಪುಗಾರರ ಮುಂದೆ ಹೋಗುವುದು ಆಯ್ದ ತುಣುಕುಗಳು ಮಾತ್ರ. ಅಲ್ಲಿ ಗೆಲ್ಲುವುದು ಗಟ್ಟಿಯಾಗಿ ಅತ್ತವರು. ಆದರೆ ಎರಿಕಾಳ ಅಳು ತುಣುಕಿನಲ್ಲಿ ಹಿಡಿಸುವಂಥದ್ದಲ್ಲ. ಅವಳ ತಾಯಿ ಮೋನಾ ಪಾತ್ರವನ್ನು ಮೊದಲಿನಿಂದ ಮಾಡಿದ್ದ ಫ್ರಾನ್ಸಿಸ್ ಹೆಫ್ಲಿನ್ 1994ರಲ್ಲಿ ತೀರಿಕೊಂಡಾಗ ಕಥೆಯಲ್ಲೂ ಮೋನಾ ಸತ್ತಳು. ಆಗ ಎರಿಕಾ ಅತ್ತ ಅಳುವಿನ ತೂಕ ತಿಳಿಯಬೇಕಾದರೆ ತಾಯಿ-ಮಗಳು 24 ವರ್ಷ ಜಗಳವಾಡಿದ್ದನ್ನೂ ನೋಡಿರಬೇಕು.

ಹೊಸಬರು ಪ್ರಶಸ್ತಿ ಸಮಾರಂಭದ ವಿಡಿಯೋದಿಂದ ಶುರುಮಾಡಬೇಡಿ. ಎರಿಕಾ ಕಾಡಿನಲ್ಲಿ ಕರಡಿಗೆ ತನ್ನ ಹೆಸರು ಹೇಳಿ ಗದರಿಸುವ ದೃಶ್ಯ ಹುಡುಕಿ. ಬರವಣಿಗೆ ಹಾಸ್ಯಾಸ್ಪದ, ಒಪ್ಪುತ್ತೇನೆ. ಆದರೆ ಲೂಚಿಯ ಮುಖದಲ್ಲಿ ತಮಾಷೆಯ ಸುಳಿವೂ ಇಲ್ಲ. ಕರಡಿ ತಿರುಗಿ ಹೋಗಲೇಬೇಕು ಎಂದು ನಮಗೂ ಅನ್ನಿಸಿಬಿಡುತ್ತದೆ.