ಡಿಗ್ರಿ ಸೊನ್ನೆಯಾದಾಗ

ಮೊದಲು ಈ ಲೆಕ್ಕವನ್ನು ಬಿಡಿಸಿ: 'ಮೇ ತಿಂಗಳ ಒಂದು ದಿನ ನಾಲವಾರದ ಗರಿಷ್ಠ ತಾಪ 430 ಸೆ. ಇದನ್ನು ಫ್ಯಾರನ್‌ಹೀಟ್‌ಗೆ ಪರಿವರ್ತಿಸಿರಿ.'

ನಿಮಗೆ 806 ಬಂದಿರಬೇಕು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ 327 ಡಿಗ್ರಿ ದಾಟಿದರೆ ಸೀಸವೇ ಕರಗಿ ಹರಿಯುತ್ತದೆ. ನಮ್ಮ ಕಡೆಯ ಬಿಸಿಲು ಎಷ್ಟೇ ಖಡಕ್ಕಾಗಿರಲಿ, ಅಷ್ಟಂತೂ ಇಲ್ಲ! ಪ್ರಶ್ನೆಯನ್ನು ಕೈಯಲ್ಲಿ ಬರೆದುಕೊಟ್ಟವನು ನಾನು. ನಾನು ಬರೆದದ್ದು 43° ಸೆ; ಮಾದರಿ ಉತ್ತರ 109.4. ಕೀಲಿಮಣೆಯಲ್ಲಿ ಡಿಗ್ರಿ ಗುರುತು ಕಾಣದ ಕಾರಣ ಬೆರಳಚ್ಚು ಮಾಡಿದವರು ಸೊನ್ನೆ ಒತ್ತಿ, ಅದನ್ನು ಚಿಕ್ಕದು ಮಾಡಿ ಮೇಲಕ್ಕೆತ್ತಿದ್ದರು. ಕರಡು ತಿದ್ದುವಾಗ ನನ್ನ ಕಣ್ಣಿಗೆ ಅದು ಡಿಗ್ರಿಯಾಗಿಯೇ ಕಂಡಿತು. ಆ ಮೇಲೆ ಕಡತ ಒಂದು ಮೊಬೈಲಿಗೆ ಹೋಗಿ, ಅಲ್ಲಿಂದ ಮತ್ತೊಂದು ಗಣಕಕ್ಕೆ ಬಂದು ಮುದ್ರಣವಾಯಿತು. ದಾರಿಯಲ್ಲಿ ಮೇಲೆತ್ತಿದ ಅಲಂಕಾರ ಉದುರಿತು, ಸೊನ್ನೆ ಉಳಿಯಿತು.

ಇದನ್ನು ಅಚ್ಚಿನ ದೋಷವೆಂದು ನಕ್ಕು ಬಿಡಬಹುದು. ವಾಡಿ, ಶಹಾಬಾದ್, ಸೇಡಂ ಸುಣ್ಣದಕಲ್ಲಿನ ನೆಲ; ಇಲ್ಲಿನ ಮಕ್ಕಳಿಗೆ ಸಿಮೆಂಟಿನ ಪಾಠ ಮನೆಯ ಪಾಠ. ಕಲ್ಲನ್ನೂ ಜೇಡಿಮಣ್ಣನ್ನೂ ಅರೆದು ಸುಮಾರು 1450° ಸೆ ತನಕ ಕಾಯಿಸಿದರೆ ಕ್ಲಿಂಕರ್ ಸಿಗುತ್ತದೆ. ಅದೇ ಸೊನ್ನೆ ಇಲ್ಲಿ ಕೆಳಗಿಳಿದರೆ 14500 ಆಗುತ್ತದೆ. ಸೂರ್ಯನ ಮೇಲ್ಮೈ ತಾಪವೇ ಸುಮಾರು 5500 ಡಿಗ್ರಿ. ತಿಳಿದವರಿಗೆ ಇದು ನಗೆ, ಹೊಸದಾಗಿ ಕಲಿಯುವವನಿಗೆ ಇದೇ ಪಾಠ. ಹತ್ತರ ಘಾತ ಋಣ ಆರು ಎಂಬುದು 10-6 ಎಂದಾದರೆ ವಿದ್ಯಾರ್ಥಿ ಅದನ್ನು 4 ಎಂದು ಓದಿದರೆ ತಪ್ಪು ಯಾರದು?

ಗಣಕವು ಅಕ್ಷರದ ಚಿತ್ರವನ್ನು ನೆನಪಿಡುವುದಿಲ್ಲ, ಒಂದು ಸಂಖ್ಯೆಯನ್ನು ನೆನಪಿಡುತ್ತದೆ. 0 ಎಂಬ ಅಂಕಿಯ ಸಂಖ್ಯೆ 48, ಡಿಗ್ರಿ ಗುರುತಿನ ಸಂಖ್ಯೆ 176. ಚಿತ್ರ ಬರೆಯುವುದು ಫಾಂಟಿನ ಕೆಲಸ. ನಾವು ಕಾಗದದ ಮೇಲಿನ ಹೋಲಿಕೆಯನ್ನೇ ನೆಚ್ಚಿಕೊಂಡು ಬಂದೆವು. ಕನ್ನಡದ ಮಟ್ಟಿಗೆ ಈ ಅಭ್ಯಾಸಕ್ಕೆ ಒಂದು ಇತಿಹಾಸವೂ ಇದೆ.

ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟುಗಳಲ್ಲಿ ಇದ್ದದ್ದು 256 ಸ್ಥಾನ ಮಾತ್ರ. ಅಷ್ಟರಲ್ಲೇ ಕನ್ನಡದ ಅಕ್ಷರ, ಗುಣಿತ, ಒತ್ತುಗಳ ತುಂಡುಗಳನ್ನೆಲ್ಲ ಕೂರಿಸಬೇಕಿತ್ತು. ಹಾಗಾಗಿ ಚಿಹ್ನೆಗಳ ಸ್ಥಾನಗಳನ್ನು ತೆರವು ಮಾಡಿಸಿ ಅಕ್ಷರಗಳಿಗೆ ಕೊಟ್ಟರು. ನುಡಿಯ ಹಳೆಯ ಫಾಂಟಿನಲ್ಲಿ ಡಿಗ್ರಿಯ 176ರಲ್ಲಿ 'ಲಿ' ಕುಳಿತಿದೆ. ಅಧಿಕ-ಋಣ ಚಿಹ್ನೆಯ (±) 177 'ಶ'ಕಾರದ ಪಾಲಾಗಿದೆ, ವರ್ಗದ ² ಇದ್ದಲ್ಲಿ 'ಶಿ' ಇದೆ, ಮೈಕ್ರೋ ಚಿಹ್ನೆ µ ಇದ್ದಲ್ಲಿ 'ಷ' ಇದೆ. ಫಾಂಟ್ ಇಲ್ಲದ ಗಣಕದಲ್ಲಿ ಹಳೆಯ ಕಡತ ತೆರೆದವರಿಗೆ ಇದು ಗೊತ್ತು: 'ಶಾಲೆ' ಎಂಬ ಪದ ± ಗುರುತಿನಿಂದಲೂ 'ಲಿಂಗ' ಎಂಬುದು ° ಗುರುತಿನಿಂದಲೂ ಆರಂಭವಾಗಿರುತ್ತದೆ. ಅಂದಿನ ಸ್ಥಿತಿಯಲ್ಲಿ ಬೇರೆ ದಾರಿ ಇರಲಿಲ್ಲ, ಆದ್ದರಿಂದ ಅದನ್ನು ರೂಪಿಸಿದವರನ್ನು ದೂರುವುದು ನ್ಯಾಯವಲ್ಲ. ಕನ್ನಡ ಫಾಂಟಿನಲ್ಲಿ ಡಿಗ್ರಿ ಇಲ್ಲದಾಗ ಬೆರಳಚ್ಚುಗಾರ ಸೊನ್ನೆಯನ್ನು ಮೇಲೆತ್ತಿದ್ದೂ ಜಾಣತನವೇ.

ದೂರಬೇಕಾದದ್ದು ಆ ಕಾಲ ಕಳೆದ ಮೇಲೂ ಉಳಿದ ರೂಢಿಯನ್ನು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ ಯೂನಿಕೋಡ್ ಕನ್ನಡವೂ 'ತುಂಗಾ' ಫಾಂಟೂ ಇದ್ದವು. ಯೂನಿಕೋಡಿನಲ್ಲಿ ಡಿಗ್ರಿಗೂ 'ಲಿ'ಗೂ ಜಗಳವಿಲ್ಲ. ಆದರೂ ಹಳೆಯ ಪ್ರಶ್ನೆಪತ್ರಿಕೆ, ಹಳೆಯ ಟಿಪ್ಪಣಿಗಳನ್ನೇ ಪರಿವರ್ತಕಕ್ಕೆ ಹಾಕಿ ಹೊಸದು ಮಾಡಿಕೊಳ್ಳುವುದು ನಮ್ಮ ಪದ್ಧತಿ. ಪಠ್ಯದ ನಡುವೆ ಇಂಗ್ಲಿಷ್ ಫಾಂಟಿನಲ್ಲಿ ಸರಿಯಾಗಿ ಹಾಕಿದ ಡಿಗ್ರಿ ಇದ್ದರೆ, ಫಾಂಟನ್ನು ಗಮನಿಸದ ಪರಿವರ್ತಕ ಅದನ್ನೂ 'ಲಿ' ಮಾಡಿಬಿಡುತ್ತದೆ. ಸರಿಯಾಗಿ ಬರೆದವನಿಗೇ ಶಿಕ್ಷೆ! ಸಂಖ್ಯೆಯ ಬೆನ್ನಿಗೆ ಒಂಟಿ 'ಲಿ' ಕಂಡರೆ ಅದರ ಮೂಲ ಇದೇ.

ಇಂಗ್ಲಿಷ್ ಕಡತಗಳೂ ಸಾಚಾ ಅಲ್ಲ. 'ಸಿಂಬಲ್' ಎಂಬ ಹಳೆಯ ಫಾಂಟಿನಲ್ಲಿ ಇಂಗ್ಲಿಷಿನ ಸಣ್ಣ 'ಎಂ' ಒತ್ತಿದರೆ ಮೈಕ್ರೋ ಚಿಹ್ನೆ, ದೊಡ್ಡ 'ಡಬ್ಲ್ಯು' ಒತ್ತಿದರೆ ಓಮ್ ಚಿಹ್ನೆ Ω ಮೂಡುತ್ತದೆ. ಫಾಂಟ್ ಬದಲಾದರೆ ಮುಖವಾಡ ಕಳಚುತ್ತದೆ: ರೋಧ 10 ಓಮ್ ಇದ್ದದ್ದು 10 ವ್ಯಾಟ್ ಆಗುತ್ತದೆ, ಮೈಕ್ರೋಗ್ರಾಂ ಮಿಲಿಗ್ರಾಂ ಆಗುತ್ತದೆ. ಮೊದಲನೆಯದು ಅರ್ಥಹೀನ, ಹಾಗಾಗಿ ಸಿಕ್ಕಿಬೀಳುತ್ತದೆ. ಎರಡನೆಯದು ಅರ್ಥಪೂರ್ಣವಾಗಿಯೇ ಇರುವುದರಿಂದ ಹೆಚ್ಚು ಅಪಾಯಕಾರಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಭಾರತೀಯ ಮಾನಕ 10500 ಹೇಳುವುದೂ ಅದನ್ನೇ, 0.01 ಮಿಲಿಗ್ರಾಂ ಎಂದು. ಕೊಳವೆಬಾವಿ ನೀರನ್ನು ಕುರಿತ ವಿದ್ಯಾರ್ಥಿಯ ಯೋಜನಾ ವರದಿಯಲ್ಲಿ ಆ ಮಿತಿ '10 ಮಿಗ್ರಾಂ' ಎಂದಾದರೆ ಸಾವಿರ ಪಟ್ಟು ವಿಷ ಕಾಗದದ ಮೇಲೆ ನಿರಪಾಯವಾಯಿತು. ಔಷಧದ ಪ್ರಮಾಣ ಬರೆಯುವಾಗ ಈ ಚಿಹ್ನೆಯನ್ನು ಬಳಸಬೇಡಿರೆಂದು ಅಮೆರಿಕದ ಔಷಧ ಸುರಕ್ಷತಾ ಸಂಸ್ಥೆ ಬಹುಕಾಲದಿಂದ ಎಚ್ಚರಿಸುತ್ತ ಬಂದಿರುವುದೂ ಈ ಭಯದಿಂದಲೇ.

ಹಾಗಾದರೆ ನಿಜವಾದ ಚಿಹ್ನೆ ಎಲ್ಲಿದೆ? ವಿಂಡೋಸ್‌ನಲ್ಲಿ ಆಲ್ಟ್ ಕೀಲಿಯನ್ನು ಅದುಮಿ ಹಿಡಿದು ಬಲಬದಿಯ ಅಂಕಿಪಟ್ಟಿಯಲ್ಲಿ 0176 ಒತ್ತಿದರೆ ಡಿಗ್ರಿ, 0177 ಒತ್ತಿದರೆ ±, 0215 ಒತ್ತಿದರೆ ಗುಣಾಕಾರದ × ಬರುತ್ತವೆ. ಆಗ ಹಳೆಯ ಕನ್ನಡ ಫಾಂಟ್ ಆಯ್ಕೆಯಲ್ಲಿರಬಾರದು. ಇದ್ದರೆ ಮತ್ತೆ 'ಲಿ'! ಅಂಕಿಪಟ್ಟಿ ಇಲ್ಲದ ಲ್ಯಾಪ್‌ಟಾಪಿನಲ್ಲಿ ಈ ಉಪಾಯ ನಡೆಯದು. ವರ್ಡ್ ತಂತ್ರಾಂಶದಲ್ಲಿ 2082 ಎಂದು ಬರೆದು ಆಲ್ಟ್ ಜೊತೆ 'ಎಕ್ಸ್' ಒತ್ತಿದರೆ ನೀರಿನ ಸೂತ್ರಕ್ಕೆ ಬೇಕಾದ ಕೆಳಗಿನ ₂ ಸಿಗುತ್ತದೆ. 2192 ರಾಸಾಯನಿಕ ಸಮೀಕರಣದ ಬಾಣ →, 2212 ನಿಜವಾದ ಋಣಚಿಹ್ನೆ. ಆಪಲ್ ಗಣಕದಲ್ಲಿ ಆಪ್ಶನ್ ಮತ್ತು ಶಿಫ್ಟ್ ಜೊತೆ 8 ಒತ್ತಿದರೆ ಡಿಗ್ರಿ. ಲಿನಕ್ಸಿನಲ್ಲಿ ಕಂಪೋಸ್ ಕೀಲಿಯನ್ನು ಒಮ್ಮೆ ಗೊತ್ತುಪಡಿಸಿಕೊಂಡರೆ ಸಾಕು, ಅದನ್ನು ಒತ್ತಿ ಎರಡು ಸಲ ಇಂಗ್ಲಿಷ್ 'ಓ' ಒತ್ತಿದರೆ ಡಿಗ್ರಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು, ಏಕೆಂದರೆ ಇಲ್ಲಿ ಸಂಖ್ಯೆ ಬಾಯಿಪಾಠ ಮಾಡಬೇಕಿಲ್ಲ. ಮೊಬೈಲಿನ ಕೀಲಿಮಣೆಗಳಲ್ಲಿ ಚಿಹ್ನೆಗಳ ಎರಡನೆಯ ಪುಟ ತಿರುವಿ ನೋಡಿ. ಐಫೋನಿನಲ್ಲಿ ಸೊನ್ನೆಯನ್ನು ಒತ್ತಿ ಹಿಡಿದರೆ ಪಕ್ಕದಲ್ಲೇ ಡಿಗ್ರಿ ತಲೆಯೆತ್ತುತ್ತದೆ.

ಒಂದು ಗುರುತಿಗೆ ಇಷ್ಟೊಂದು ದಾರಿ, ಒಂದೂ ಕೀಲಿಯ ಮೇಲೆ ಬರೆದಿಲ್ಲ. ಕನ್ನಡ ವಿನ್ಯಾಸಗಳೂ ಇದಕ್ಕೆ ಹೊರತಲ್ಲ. ಕೆ.ಪಿ. ರಾವ್ ಅವರ ವಿನ್ಯಾಸ ಅಕ್ಷರಗಳ ಮಟ್ಟಿಗೆ ಸೊಗಸು: ಇಂಗ್ಲಿಷ್ ಅಕ್ಷರಗಳ ಕೀಲಿಗಳಲ್ಲೇ ಕನ್ನಡ ಮುಗಿಯುತ್ತದೆ, ಸಮ ಚಿಹ್ನೆ, ಕೂಡುವ ಚಿಹ್ನೆ ಕೈಗೆ ಸಿಗುತ್ತವೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಾದರೋ ಸಮ ಚಿಹ್ನೆಯ ಕೀಲಿ ಒತ್ತಿದರೆ ವಟ್ರಸುಳಿ, ಅಧಿಕ ಚಿಹ್ನೆಯ ಜಾಗದಲ್ಲಿ 'ಋ'. ಸಮೀಕರಣ ಬರೆಯಲು ಹೊರಟವರು ಪ್ರತಿ ಬಾರಿ ಇಂಗ್ಲಿಷಿಗೆ ಜಿಗಿದು ಬರಬೇಕು. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಕೀಲಿಸ್ಥಾನ ಎಂಬ ಅದರ ತತ್ತ್ವ ದೊಡ್ಡದೇ. ಆದರೆ ಅದನ್ನು ರೂಪಿಸುವಾಗ ಗಣಿತದ ಮೇಷ್ಟರನ್ನು ಯಾರೂ ನೆನೆದಂತಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ರೂಪಾಯಿ ಸಾಕ್ಷಿ: 2010ರ ಜುಲೈನಲ್ಲಿ ಉದಯ ಕುಮಾರ್ ಅವರ ₹ ವಿನ್ಯಾಸಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು, ಅಕ್ಟೋಬರಿನಲ್ಲಿ ಅದು ಯೂನಿಕೋಡ್ ಸೇರಿತು, ಬೇಗನೆ ಕೀಲಿಯ ಮೇಲೂ ಅಚ್ಚಾಯಿತು.

ಕನ್ನಡದ ಒಳಗೂ ದುಂಡಗಿನ ಗೊಂದಲ ಇದೆ. ಅನುಸ್ವಾರ (ಂ), ಕನ್ನಡದ ಸೊನ್ನೆ (೦), ಇಂಗ್ಲಿಷ್ ಸೊನ್ನೆ, ಡಿಗ್ರಿ — ಎಲ್ಲವೂ ಬಳೆಗಳೇ. 'ಚಿಂಚೋಳಿ' ಎಂದು ಬರೆಯುವಾಗ ಅನುಸ್ವಾರದ ಬದಲು ಕನ್ನಡ ಸೊನ್ನೆ ಬಿದ್ದರೆ 'ಚಿ೦ಚೋಳಿ' ಆಗುತ್ತದೆ. ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದು. ಗಣಕಕ್ಕೆ ಒಂದು 3202, ಇನ್ನೊಂದು 3302. ಹುಡುಕಿದರೆ ಊರು ಸಿಗುವುದಿಲ್ಲ, ಅಕಾರಾದಿಯಲ್ಲಿ ಎಲ್ಲೋ ಹೋಗಿ ಕೂತಿರುತ್ತದೆ. ಕಾಣದ ಚಿಹ್ನೆಯೂ ಉಂಟು: ವೋಲ್ಟ್ ಪಕ್ಕದಲ್ಲಿ 'ಗಳು' ಬಂದಾಗ ಅಕ್ಷರ ಒತ್ತಾಗದಂತೆ ತಡೆಯುವ ಶೂನ್ಯ ಅಗಲದ ಗುರುತು. ಅದನ್ನು ಬಿಟ್ಟರೆ ವೋಲ್ಟ್‌ಗಳು 'ವೋಲ್ಟ್ಗಳು' ಆಗಿ ಮಕ್ಕಳ ನಾಲಿಗೆ ತೊಡರುತ್ತದೆ.

ಒಂದು ಅಪವಾದ ಹೇಳಲೇಬೇಕು. ಎಕ್ಸೆಲ್‌ನಂಥ ಲೆಕ್ಕದ ಹಾಳೆಯಲ್ಲಿ ನಿಜವಾದ ಋಣಚಿಹ್ನೆ ಹಾಕಿದರೆ ಅದು ಸಂಖ್ಯೆ ಎಂದು ಪರಿಗಣನೆಗೆ ಬರುವುದಿಲ್ಲ. ಅಲ್ಲಿ ಹೈಫನ್ನೇ ಬೇಕು. ಇನ್ನು ಕೆಲವರು ಉತ್ಸಾಹದಿಂದ ಕೆಲ್ವಿನ್‌ಗೂ ಡಿಗ್ರಿ ತೊಡಿಸುತ್ತಾರೆ. 1967ರಲ್ಲೇ ಅದನ್ನು ಕೈಬಿಟ್ಟಾಗಿದೆ.

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದ. ಅದರಲ್ಲಿ ಸಂಖ್ಯೆಗಳು ಪದಗಳಾಗಿ ಬರುತ್ತವೆ. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು. ಪ್ರತಿ ಮಾಡುವವನು ಪದ ಬಿಟ್ಟರೆ ಛಂದಸ್ಸು ಕುಂಟಿ ತಪ್ಪನ್ನು ತೋರಿಸಿಕೊಡುತ್ತದೆ. ನಮ್ಮ ಚಿಹ್ನೆಗಳಿಗೆ ಅಂಥ ಕಾವಲಿಲ್ಲ. ಆದ್ದರಿಂದ ಕಡತ ಹಲವು ಕೈ ದಾಟುವುದಿದ್ದರೆ 'ಮೈಕ್ರೋಗ್ರಾಂ', 'ಡಿಗ್ರಿ ಸೆಲ್ಸಿಯಸ್', 'ಓಮ್' ಎಂದು ಅಕ್ಷರದಲ್ಲೇ ಬರೆಯಿರಿ ಎಂದು ನಾನು ಸಹೋದ್ಯೋಗಿಗಳಿಗೆ ಹೇಳುತ್ತೇನೆ. ಸೂತ್ರಗಳಿಗೆ ಈ ಉಪಾಯ ಸಾಲದು. ಅಲ್ಲಿ ಚಿಹ್ನೆಯನ್ನೇ ಕಲಿಯಬೇಕು. ಕರಡನ್ನು ಒಮ್ಮೆ ನೋಟ್‌ಪ್ಯಾಡಿಗೆ ನಕಲಿಸಿ ನೋಡಿ. ಅಲ್ಲಿ ಅಲಂಕಾರ ನಿಲ್ಲುವುದಿಲ್ಲ: ಸುಳ್ಳು ಡಿಗ್ರಿ ಸೊನ್ನೆಯಾಗುತ್ತದೆ, ನಿಜವಾದದ್ದು ಹಾಗೇ ಉಳಿಯುತ್ತದೆ.

ಆ ಪರೀಕ್ಷೆಯ ವಿಷಯ: 109.4 ಎಂದು ಬರೆದವರು, 43 ಎಂದು ಊಹಿಸಿಕೊಂಡವರು, ಕೆಲವರು ಇದ್ದರು. ಹೆಚ್ಚಿನವರು ಕೊಟ್ಟದ್ದನ್ನು ನಂಬಿ 806 ಬರೆದಿದ್ದರು. ಮೊದಲ ಕಟ್ಟಿನ ಉತ್ತರಪತ್ರಿಕೆಗಳಲ್ಲಿ ಅವರಿಗೆ ಸೊನ್ನೆ ಬಿದ್ದಿತ್ತು. ತಪ್ಪು ಗೊತ್ತಾದ ಮೇಲೆ ಕಟ್ಟು ಬಿಚ್ಚಿ, ಇಬ್ಬರಿಗೂ ಪೂರ್ಣ ಅಂಕ ಕೊಟ್ಟೆವು.